ಗುಳ್ಳೆ ಒಂದೇ ಸಮ ಬರಬೇಕು

ಪಶ್ಚಿಮ ಬೆಂಗಳೂರಿನ ಶ್ರೀಗಂಧದ ಕಾವಲಿನ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗೆ ಹಿತ್ತಿಲು ಎಲ್ಲಿಂದ ಬರಬೇಕು? ಹಸಿರು ಬೇಕೆನ್ನುವವರಿಗೆ ಉಳಿದಿರುವುದು ತಾರಸಿಯ ಕುಂಡ, ಇಲ್ಲವೇ ನಡುಮನೆಯಲ್ಲಿಟ್ಟ ಎರಡಡಿಯ ಗಾಜಿನ ತೊಟ್ಟಿ. ಮೀನಿಗಿಂತ ಗಿಡವೇ ಮುಖ್ಯವಾದ ಇಂಥ ಅಕ್ವೇರಿಯಂ ಪಕ್ಕದಲ್ಲಿ ತಂಪು ಪಾನೀಯದ ಖಾಲಿ ಬಾಟಲಿಗಳೂ ಅವುಗಳ ಮುಚ್ಚಳದಿಂದ ಹೊರಟ ಸಣ್ಣ ಕೊಳವೆಯೂ ಕಂಡರೆ, ಅದು ಮನೆಯಲ್ಲೇ ಜೋಡಿಸಿದ ಇಂಗಾಲದ ಡೈಆಕ್ಸೈಡ್ ವ್ಯವಸ್ಥೆ. ಅದನ್ನು ಹೊಗಳುವವರೂ ತೆಗಳುವವರೂ ಹಿಡಿಯುವ ಅಳತೆಗೋಲು ಒಂದೇ, ದುಡ್ಡು. ಸಿಲಿಂಡರಿನ ಖರ್ಚು ಉಳಿಯಿತೆಂದು ಒಬ್ಬರು, ಅಗ್ಗದ್ದು ಕೊನೆಗೆ ದುಬಾರಿಯೆಂದು ಇನ್ನೊಬ್ಬರು. ಈ ಅಳತೆಯೇ ಸರಿಯಲ್ಲ ಎಂಬುದು ನನ್ನ ವಾದ. ಬಾಟಲಿಯ ಯೋಗ್ಯತೆಯನ್ನು ನಿರ್ಧರಿಸಬೇಕಾದದ್ದು ಅದು ಎಷ್ಟು ಅಗ್ಗ, ಎಷ್ಟು ಅನಿಲ ಉಗುಳುತ್ತದೆ ಎಂಬುದರಿಂದಲ್ಲ. ದಿನದಿಂದ ದಿನಕ್ಕೆ ಎಷ್ಟು ಸಮನಾಗಿ ಕೊಡುತ್ತದೆ ಎಂಬುದರಿಂದ. ಹಾಗೆ ನೋಡಿದರೆ ಒಂದೇ ಹೆಸರಿನಲ್ಲಿ ನಡೆಯುವ ಎರಡು ಮನೆವಿಧಾನಗಳಿಗೆ, ಯೀಸ್ಟಿನದಕ್ಕೂ ನಿಂಬೆ ಉಪ್ಪಿನದಕ್ಕೂ, ಒಂದೇ ಅಂಕ ಕೊಡಲಾಗದು.

ಸಮತೆ ಯಾಕಿಷ್ಟು ದೊಡ್ಡ ಮಾತು ಎಂಬುದಕ್ಕೆ ಕಾರಣ ಎಲೆಯೊಳಗಿದೆ. ಸುಮ್ಮನೆ ತೆರೆದಿಟ್ಟ ನೀರು ಗಾಳಿಯಿಂದ ಹೀರಿ ಇಟ್ಟುಕೊಳ್ಳುವ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು. ಗಿಡದ ತೊಟ್ಟಿ ಸಾಕುವವರ ಗುರಿ 15ರಿಂದ 30 ಮಿಲಿಗ್ರಾಂ. ನೀರಿನಲ್ಲಿ ಈ ಅನಿಲ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದ ಒಂದು ಪಾಲು ಮಾತ್ರ. ಹೀಗಾಗಿ ಮುಳುಗಿದ ಎಲೆ ಬೆಳಕು ಎಷ್ಟಿದ್ದರೂ ಇಂಗಾಲಕ್ಕೆ ಹಸಿದೇ ಇರುತ್ತದೆ. ಇಂಗಾಲ ಕೊಡದೆ ಬರೀ ಜೋರಾದ ಎಲ್‌ಇಡಿ ದೀಪ ತಂದು ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ. ಗಿಡ ಬಳಸಲಾರದ ಆ ಬೆಳಕು ಪಾಚಿಯ ಪಾಲಾಗುತ್ತದೆ. ಇಷ್ಟು ಎಲ್ಲರೂ ಹೇಳುವ ಮಾತು. ಎಲೆಯಲ್ಲಿ ಇಂಗಾಲವನ್ನು ಹಿಡಿಯುವ ಕೆಲಸ ರುಬಿಸ್ಕೊ ಎಂಬ ಕಿಣ್ವದ್ದು ಎಂಬುದನ್ನು ಮಾತ್ರ ಯಾರೂ ಹೆಚ್ಚು ಗಮನಿಸುವುದಿಲ್ಲ. ಅನಿಲ ಕಡಿಮೆಯಿದ್ದರೆ ಗಿಡ ಈ ಕಿಣ್ವಕ್ಕೇ ಹೆಚ್ಚು ಸಾರಜನಕ ಸುರಿಯಬೇಕು. ಧಾರಾಳವಾಗಿದ್ದರೆ ಕಡಿಮೆ ಕಿಣ್ವದಲ್ಲಿ ಸಂಸಾರ ತೂಗಿಸಿ, ಉಳಿದದ್ದನ್ನು ಹೊಸ ಎಲೆಗೆ ಕೊಡಬಹುದು. ಒಂದು ಮಟ್ಟದಿಂದ ಇನ್ನೊಂದಕ್ಕೆ ಒಗ್ಗಿಕೊಳ್ಳಲು ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಈ ವಾರ ಹಬ್ಬ, ಮುಂದಿನ ವಾರ ಉಪವಾಸ ಎಂದಾದರೆ ಗಿಡ ಯಾವುದಕ್ಕೂ ಒಗ್ಗದೆ ಬಡವಾಗುತ್ತದೆ. ಎಲೆಯಂಚಿಗೆ ಅಂಟಿ, ಎಳೆದರೂ ಬಾರದ ಕಪ್ಪು ಗಡ್ಡದ ಪಾಚಿ ಹವ್ಯಾಸಿಗಳ ತೊಟ್ಟಿಯಲ್ಲಿ ಮೇಲೇಳುವುದು ಬಹುಪಾಲು ಇಂಥ ಏರಿಳಿತದ ದಿನಗಳಲ್ಲೇ.

ಈಗ ಯೀಸ್ಟಿನ ಬಾಟಲಿಯನ್ನು ನೋಡೋಣ. ಎರಡು ಲೀಟರಿನ ಬಾಟಲಿ, 200 ಗ್ರಾಂ ಸಕ್ಕರೆ ಅಥವಾ ಬೆಲ್ಲ, ಉಗುರುಬೆಚ್ಚನೆಯ ನೀರು, ಕಾಲು ಚಮಚ ಯೀಸ್ಟ್. ಹಿಟ್ಟು ಹುದುಗು ಬರುವುದನ್ನು ದಿನವೂ ನೋಡುವ ಅಡುಗೆಮನೆಗೆ ಇದು ಹೊಸದೇನಲ್ಲ. ಯೀಸ್ಟ್ ಸಕ್ಕರೆ ತಿಂದು ಆಲ್ಕೊಹಾಲ್ ಮತ್ತು ಅನಿಲ ಬಿಡುತ್ತದೆ. ಲೆಕ್ಕದ ಪ್ರಕಾರ 200 ಗ್ರಾಂ ಸಕ್ಕರೆಯಿಂದ ನೂರು ಗ್ರಾಂ ಅನಿಲ ಬರಬೇಕು. ಅಷ್ಟು ಬಂದರೂ ಬರುವ ರೀತಿ ಸರಿಯಿಲ್ಲ. ಮೊದಲ ದಿನಗಳಲ್ಲಿ ಉಕ್ಕಿ, ಎರಡನೇ ವಾರಕ್ಕೆ ಸೊರಗಿ, ಮೂರನೆಯದಕ್ಕೆ ತಾನೇ ಮಾಡಿದ ಆಲ್ಕೊಹಾಲಿನಲ್ಲಿ ಯೀಸ್ಟ್ ಮಂಕಾಗುತ್ತದೆ. ಬೆಂಗಳೂರಿನ ಹವೆಯೂ ಇದಕ್ಕೆ ಜೊತೆಗೂಡುತ್ತದೆ. ಜನವರಿಯ ಬೆಳಗಿನ ಜಾವ 15-16 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 34. ಮಹಡಿಯ ಶೀಟಿನ ಮನೆಯಲ್ಲಿ ಒಂದೇ ದಿನದಲ್ಲಿ ಆಗುವ ಏರಿಳಿತವೂ ಕಡಿಮೆಯದಲ್ಲ, ಯೀಸ್ಟ್ ಅದಕ್ಕೆ ತಕ್ಕಂತೆ ಕುಣಿಯುತ್ತದೆ. ವಾರಕ್ಕೊಂದರಂತೆ ಸರದಿಯಲ್ಲಿ ಎರಡು ಬಾಟಲಿ ಹೂಡಿದರೆ ಏರಿಳಿತ ತಗ್ಗುತ್ತದಲ್ಲ ಎನ್ನುವ ಆಕ್ಷೇಪ ನ್ಯಾಯವಾದದ್ದೇ. ಬಾಟಲಿಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿದರೆ ಹಗಲಿನ ಬಿಸಿಯೂ ಅಷ್ಟಾಗಿ ತಾಗುವುದಿಲ್ಲ. ಆದರೆ ಯೀಸ್ಟಿಗೆ ರಾತ್ರಿ ಎಂಬುದೇ ಇಲ್ಲ, ಅದಕ್ಕೆ ಮದ್ದೂ ಇಲ್ಲ. ಕೊಳವೆಯ ಬಾಯಿ ಮುಚ್ಚಿದರೆ ಒತ್ತಡ ಏರುತ್ತಲೇ ಹೋಗುತ್ತದೆ. ತೆರೆದಿಟ್ಟರೆ ಗಿಡಕ್ಕೆ ಬೇಡದ ಹೊತ್ತಿನಲ್ಲೂ ಅನಿಲ ತೊಟ್ಟಿಗೆ ಇಳಿಯುತ್ತದೆ.

ರಾತ್ರಿಯ ಈ ವಿಷಯವನ್ನು ಹಗುರವಾಗಿ ಬಿಡುವಂತಿಲ್ಲ, ಇಲ್ಲಿ ಹೋಗುವುದು ಜೀವ. ದೀಪ ಆರಿದ ಮೇಲೆ ಗಿಡ, ಮೀನು, ತಳದ ಸೂಕ್ಷ್ಮಜೀವಿ ಎಲ್ಲವೂ ಆಮ್ಲಜನಕವನ್ನೇ ಉಸಿರಾಡುತ್ತವೆ, ಇಂಗಾಲದ ಡೈಆಕ್ಸೈಡನ್ನೇ ಬಿಡುತ್ತವೆ. ಕೊಳಚೆ ತುಂಬಿದ ಕೆರೆಗಳಲ್ಲಿ ಆಮ್ಲಜನಕ ಬೆಳಗಿನ ಜಾವಕ್ಕೆ ತಳ ಕಾಣುವುದು ಇದೇ ಕಾರಣಕ್ಕೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡಕ್ಕೆ ಸತ್ತ ಮೀನುಗಳು ರಾಶಿರಾಶಿಯಾಗಿ ಬಂದು ಬಿದ್ದಾಗ ನಗರ ಅದನ್ನು ಕಣ್ಣಾರೆ ಕಂಡಿತ್ತು. ಅರವತ್ತು ಲೀಟರಿನ ತೊಟ್ಟಿಯಲ್ಲಿ ಯೀಸ್ಟಿನ ಬಾಟಲಿ ತರುವುದೂ ಇಂಥದ್ದೇ ಉಸಿರಿನ ಸಂಕಟ, ಪುಟ್ಟದಾಗಿ. ಮೀನುಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ತೇಕುತ್ತಿರುತ್ತವೆ. ರಾತ್ರಿ ಗಾಳಿಯ ಪಂಪು ಹಾಕಿದರೆ ಆಯಿತಲ್ಲ ಎನ್ನಬಹುದು. ಹಾಕಲೇಬೇಕು. ಆದರೆ ಕರೆಂಟು ಹೋದಾಗ ಪಂಪು, ಫಿಲ್ಟರು ಎರಡೂ ನಿಲ್ಲುತ್ತವೆ, ಯೀಸ್ಟ್ ನಿಲ್ಲುವುದಿಲ್ಲ. ಒಂದು ಗಿಡ ಚೆನ್ನಾಗಿ ಬೆಳೆಯಲೆಂದು ಹತ್ತು ಮೀನಿನ ಉಸಿರನ್ನು ಪಣಕ್ಕಿಡುವ ಹಕ್ಕು ಸಾಕುವವರಿಗಿಲ್ಲ ಎಂದೇ ನಾನು ತಿಳಿದಿದ್ದೇನೆ.

ನಿಂಬೆ ಉಪ್ಪು ಮತ್ತು ಅಡುಗೆ ಸೋಡದ ಜೋಡಿಯ ಗುಣವೇ ಬೇರೆ. ಒಂದು ಬಾಟಲಿಯಲ್ಲಿ ನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪು, ಅಂದರೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲ; ಇನ್ನೊಂದರಲ್ಲಿ ನೀರು ಬೆರೆತ ಸೋಡ. ಸೋಡದ ಕಡೆ ಒತ್ತಡ ಇಳಿದಾಗ ಮಾತ್ರ ಆಮ್ಲದ ಕೆಲವು ಹನಿಗಳು ಅತ್ತ ಸರಿಯುತ್ತವೆ, ಅನಿಲ ಹುಟ್ಟುತ್ತದೆ, ಒತ್ತಡ ಮತ್ತೆ ಏರುತ್ತದೆ, ಹರಿವು ನಿಲ್ಲುತ್ತದೆ. ತೊಟ್ಟಿಗೆ ಹೋಗುವ ದಾರಿಯ ಸೂಜಿ ವಾಲ್ವನ್ನು ರಾತ್ರಿ ತಿರುಗಿಸಿ ಮುಚ್ಚಿದರೆ ಅನಿಲದ ಹುಟ್ಟೇ ನಿಲ್ಲುತ್ತದೆ. ಯೀಸ್ಟಿಗೆ ಇಲ್ಲದ ಶಿಸ್ತು ಇದು. ಲೆಕ್ಕವೂ ಖಚಿತ: 200 ಗ್ರಾಂ ಸೋಡದಿಂದ ಸುಮಾರು 105 ಗ್ರಾಂ ಅನಿಲ. ಅದಕ್ಕೆ 152 ಗ್ರಾಂ ಆಮ್ಲ ಸಾಕೆಂದು ರಸಾಯನಶಾಸ್ತ್ರ ಹೇಳಿದರೂ ಕೊನೆಯ ಸೋಡವೂ ಪೂರ್ತಿಯಾಗಿ ಅನಿಲವಾಗಲು ಆಮ್ಲ ತುಸು ಮಿಕ್ಕಿರಬೇಕು; ಎರಡನ್ನೂ ಸಮತೂಕ ಹಾಕುವ ರೂಢಿಯನ್ನು ದುಂದು ಎನ್ನಲಾಗದು. ಇಲ್ಲಿ ಎಡವುವುದು ಜೋಡಣೆಯಲ್ಲಿ. ಬಾಟಲಿ ತಂಪು ಪಾನೀಯದ್ದೇ ಆಗಬೇಕು. ತಳದಲ್ಲಿ ಐದು ಉಬ್ಬು ಪಾದಗಳಿರುವ ಆ ಆಕಾರ ಒತ್ತಡ ತಡೆಯಲೆಂದೇ ಬಂದದ್ದು, ಕುಡಿಯುವ ನೀರಿನ ತೆಳು ಬಾಟಲಿಗೆ ಆ ಬಲವಿಲ್ಲ. ಮುಚ್ಚಳದ ತೂತಿಗೆ ಎಂ-ಸೀಲ್ ಮೆತ್ತುವುದು ಸಾಮಾನ್ಯ ತಪ್ಪು, ಮುಚ್ಚಳದ ಪ್ಲಾಸ್ಟಿಕ್ಕಿಗೆ ಅಂಥ ಅಂಟು ಸರಿಯಾಗಿ ಹಿಡಿಯುವುದೇ ಇಲ್ಲ. ಕೊಳವೆಗಿಂತ ಕೂದಲೆಳೆಯಷ್ಟು ಕಿರಿದಾದ ತೂತು ಕೊರೆದು, ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿ ತೂರಿಸಿ, ಒಳಗಿನಿಂದ ಇಕ್ಕಳದಲ್ಲಿ ಎಳೆದರೆ ಕೊಳವೆಯೇ ಬಿರಡೆಯಾಗಿ ಕೂರುತ್ತದೆ. ಮೆತ್ತನೆಯ ಸಿಲಿಕಾನ್ ಕೊಳವೆ ಬೇಡ. ಈ ಅನಿಲ ಅದರ ಗೋಡೆಯಲ್ಲೇ ನುಸುಳಿ ಹೋಗುತ್ತದೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಪೀಣ್ಯದಲ್ಲಿ ಯಂತ್ರಗಳಿಗೆ ಒತ್ತಡದ ಗಾಳಿ ಹರಿಸುವ ಪಿಯು ಪೈಪು ಇದಕ್ಕೆ ಹೇಳಿಮಾಡಿಸಿದ್ದು. ತೊಟ್ಟಿಯ ನೀರು ಹಿಂದೆ ಹರಿಯದಂತೆ ತಡೆಯುವ ವಾಲ್ವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು.

ಸಮವಾಗಿ ಬರುತ್ತಿದೆಯೇ ಎಂದು ತಿಳಿಯುವುದು ಹೇಗೆ? ಗುಳ್ಳೆ ಎಣಿಸುವುದು ಅರ್ಧ ಸತ್ಯ. ಗುಳ್ಳೆಯ ಗಾತ್ರ ಕೊಳವೆಯ ಬಾಯಿಗೆ ತಕ್ಕಂತೆ ಬದಲಾಗುತ್ತದೆ, ಹುಟ್ಟಿದ ಗುಳ್ಳೆಯೆಲ್ಲ ಕರಗುವುದೂ ಇಲ್ಲ. ನೀರಿನ ಪಿಎಚ್ ಮತ್ತು ಕಾರ್ಬೊನೇಟ್ ಗಡಸುತನವನ್ನು ಪಟ್ಟಿಯಲ್ಲಿ ತಾಳೆ ನೋಡುವ ವಿಧಾನ ಪಶ್ಚಿಮ ಬೆಂಗಳೂರಿಗೆ ಒಗ್ಗುವುದಿಲ್ಲ. ಸಂಪಿನಲ್ಲಿ ಒಂದು ದಿನ ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಏರಿಬಂದ ಕಾವೇರಿ ನೀರು, ಇನ್ನೊಂದು ದಿನ ಗಡಸು ಬೋರ್ ನೀರು. 2024ರ ಬೇಸಿಗೆಯಂಥ ನೀರಿನ ಅಭಾವದ ಕಾಲದಲ್ಲಿ ಟ್ಯಾಂಕರಿನದು. ಗಡಸುತನ 4 ಡಿಗ್ರಿ ಇದ್ದಾಗ ಲೀಟರಿಗೆ 30 ಮಿಲಿಗ್ರಾಂ ಅನಿಲವನ್ನು ಸೂಚಿಸುವ ಪಿಎಚ್ 6.6, ಅದೇ ಗಡಸುತನ 12ಕ್ಕೇರಿದರೆ 7.1. ಒಂದೇ ಅಂಕಿಯನ್ನು ನೆಚ್ಚಿದವರು ನೀರು ಬದಲಾದ ದಿನ ಮೋಸಹೋಗುತ್ತಾರೆ. ಇದರ ಬದಲು ತೊಟ್ಟಿಯೊಳಗೆ ತೂಗುಬಿಡುವ ಪುಟ್ಟ ಗಾಜಿನ ಬುರುಡೆ, ಡ್ರಾಪ್ ಚೆಕರ್, ಹೆಚ್ಚು ನಂಬಿಕಸ್ಥ. ಅದರೊಳಗಿನ ದ್ರಾವಣಕ್ಕೂ ತೊಟ್ಟಿಯ ನೀರಿಗೂ ನಡುವೆ ಗಾಳಿಯ ತಡೆಯಿದೆ, ದಾಟುವುದು ಅನಿಲ ಮಾತ್ರ, ಹಾಗಾಗಿ ಹೊರಗಿನ ನೀರು ಕಾವೇರಿಯೋ ಬೋರೋ ಅದಕ್ಕೆ ಸಂಬಂಧವಿಲ್ಲ. ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಲೀಟರಿಗೆ 0.12 ಗ್ರಾಂ ಅಡುಗೆ ಸೋಡ ಬೆರೆಸಿದರೆ ಬೇಕಾದ 4ರ ಗಡಸುತನ ಸಿಗುತ್ತದೆ. ಅಷ್ಟು ಸಣ್ಣ ತೂಕ ಮನೆಯ ತಕ್ಕಡಿಗೆ ಸಿಗದು, 1.2 ಗ್ರಾಂ ಒಂದು ಲೀಟರಿನಲ್ಲಿ ಕರಗಿಸಿ, ಅದರಲ್ಲಿ 100 ಮಿಲಿಲೀಟರ್ ತೆಗೆದು ಮತ್ತೆ ಒಂದು ಲೀಟರ್ ಮಾಡಬೇಕು. ಅದಕ್ಕೆ ಬ್ರೋಮೊಥೈಮಾಲ್ ನೀಲಿಯ ಹನಿ ಹಾಕಿದರೆ ನೀಲಿ ಕೊರತೆಯನ್ನು, ಹಸಿರು ಹದವನ್ನು, ಹಳದಿ ಅಪಾಯವನ್ನು ತೋರಿಸುತ್ತದೆ. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ. ಅಷ್ಟು ತಾಳ್ಮೆ ಬೇಕು. ಇಡೀ ವ್ಯವಸ್ಥೆಯಲ್ಲಿ ಖರ್ಚು ಉಳಿಸಲೆಂದು ಜನ ಮೊದಲು ಕೈಬಿಡುವುದು ಇದನ್ನೇ, ಕೈಬಿಡಬಾರದ್ದೂ ಇದೇ.

ಹಾಗಾದರೆ ಸಿಲಿಂಡರ್ ಏಕೆ ಬೇಡ ಎಂಬ ಪ್ರಶ್ನೆ ಉಳಿಯುತ್ತದೆ. ದೊಡ್ಡ ತೊಟ್ಟಿಗೆ ಬೇಕೇ ಬೇಕು, ಇದರಲ್ಲಿ ನನಗೆ ಅನುಮಾನವಿಲ್ಲ. ಎರಡು ಕಿಲೋ ಅನಿಲದ ಸಿಲಿಂಡರಿಗೆ ಸಮನಾಗಲು ಬಾಟಲಿಯನ್ನು 19 ಸಲ ತುಂಬಬೇಕು, 3.8 ಕಿಲೋ ಸೋಡ, ಸಮತೂಕದ ರೂಢಿಯಂತಾದರೆ ಅಷ್ಟೇ ನಿಂಬೆ ಉಪ್ಪು. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಬಾಟಲಿ ಬೇಗಬೇಗ ಬರಿದಾಗುತ್ತದೆ, ಪ್ರತಿ ಬದಲಾವಣೆಯಲ್ಲೂ ಹರಿವು ಕಡಿಯುತ್ತದೆ, ಸಮತೆಯೆಂಬ ಗುಣವೇ ಕೈತಪ್ಪುತ್ತದೆ. ಅರವತ್ತು ಲೀಟರಿನೊಳಗಿನ ತೊಟ್ಟಿಯಲ್ಲಿ ಒಂದು ಭರ್ತಿ ವಾರಗಟ್ಟಲೆ ಬರುತ್ತದೆ, ವಾದ ತಿರುಗುಮುರುಗಾಗುತ್ತದೆ. ಬಾಟಲಿ ಸಿಡಿದರೆ ಎಂಬ ಭಯಕ್ಕೆ ಉತ್ತರ ಒತ್ತಡದ ಅಂಕಿಯಲ್ಲಿದೆ: ಒತ್ತಡದ ಮೀಟರು ತೋರಿಸುವಂತೆ ಬಾಟಲಿ ದುಡಿಯುವುದು ಒಂದೆರಡು ಬಾರ್ ಒತ್ತಡದಲ್ಲಿ, ಸಿಲಿಂಡರಿನೊಳಗೆ 20 ಡಿಗ್ರಿಯಲ್ಲೇ 57 ಬಾರ್. ಮೀಟರಿಲ್ಲದ ಬಾಟಲಿಯನ್ನು ನಾನು ಸಮರ್ಥಿಸುವುದಿಲ್ಲ. ಭೂಮಿ ಬಿಸಿಯಾಗುವ ಕಾಲದಲ್ಲಿ ಈ ಅನಿಲ ಹುಟ್ಟಿಸುವುದೇ ತಪ್ಪಲ್ಲವೇ ಎಂಬ ಮಾತೂ ಕೇಳಿಬರುತ್ತದೆ. ಒಂದು ಭರ್ತಿಯ 105 ಗ್ರಾಂ ಅನಿಲ, ಒಬ್ಬ ಮನುಷ್ಯ ಎರಡೂವರೆ ಗಂಟೆಯಲ್ಲಿ ಉಸಿರಾಡಿ ಬಿಡುವಷ್ಟು.

ಅನಿಲವಿಲ್ಲದೆಯೇ ಹಿಂದಿನವರ ತೊಟ್ಟಿಗಳು ಹಸಿರಾಗಿರಲಿಲ್ಲವೇ ಎಂಬುದು ಈ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದ್ದವು. ಕೆರೆಗಳಿಂದ ಬಂದ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಬೋರ್ ನೀರಿನ ಬೈಕಾರ್ಬೊನೇಟಿನಿಂದಲೇ ಇಂಗಾಲ ಹೀರಬಲ್ಲವು. ನಮ್ಮ ಗಡಸು ನೀರು ಅವಕ್ಕೆ ಸಿದ್ಧಪಡಿಸಿದ ಊಟ. ನಿಧಾನವಾಗಿ ಬೆಳೆಯುವ ಕ್ರಿಪ್ಟೊಕೊರೈನ್‌ಗೆ ಬೇಕಾದದ್ದೇ ಕಡಿಮೆ. ಅಂಥ ತೊಟ್ಟಿಯ ಪಕ್ಕದಲ್ಲಿ ಬಾಟಲಿ ನಿಲ್ಲಿಸುವುದು ವ್ಯರ್ಥ, ಆ ಮಟ್ಟಿಗೆ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ದಕ್ಷಿಣ ಭಾರತದ್ದೇ ಆದ ರೋಟಾಲಾ ಮ್ಯಾಕ್ರಾಂಡ್ರಾದಂಥ ಕೆಂಪು ಗಿಡಕ್ಕೆ ಬೈಕಾರ್ಬೊನೇಟ್ ದಕ್ಕದು, ಅದಕ್ಕೆ ಕರಗಿದ ಅನಿಲವೇ ಬೇಕು. ಬಾಟಲಿಯ ಪರೀಕ್ಷೆ ನಡೆಯುವುದೂ ಅದರ ಮೇಲೆಯೇ. ಎಲೆಯಂಚಿನಲ್ಲಿ ಮುತ್ತಿನಂತೆ ಕೂರುವ ಆಮ್ಲಜನಕದ ಗುಳ್ಳೆಗಳನ್ನು ಹಲವರು ಗೆಲುವೆಂದು ಎಣಿಸುತ್ತಾರೆ. ನಲ್ಲಿಯ ಹೊಸ ನೀರು ಹಾಕಿದ ದಿನ ಅನಿಲದ ಬಾಟಲಿಯೇ ಇಲ್ಲದ ತೊಟ್ಟಿಯಲ್ಲೂ ಅಂಥ ಗುಳ್ಳೆ ಕೂರುತ್ತವೆ. ನೋಡಬೇಕಾದದ್ದು ಕಾಂಡವನ್ನು. ಎರಡು ತಿಂಗಳು ಬೆಳೆದ ಒಂದು ರೋಟಾಲಾ ಕಡ್ಡಿಯನ್ನು ತುಂಡರಿಸಿ ಅಂಗೈಯಲ್ಲಿಟ್ಟು ಬುಡದಿಂದ ತುದಿಗೆ ಗೆಣ್ಣು ಗೆಣ್ಣಾಗಿ ಬೆರಳಾಡಿಸಿದರೆ, ಬಾಟಲಿ ಚೆನ್ನಾಗಿ ನಡೆದ ವಾರ ಅಗಲವಾದ ಜೋಡಿ ಎಲೆ, ಖಾಲಿಯಾದದ್ದು ಗಮನಕ್ಕೆ ಬಾರದ ವಾರ ಮುದುಡಿದ ಸಣ್ಣ ಎಲೆ, ಮತ್ತೆ ತುಂಬಿದ ಮೇಲೆ ಮೆಲ್ಲನೆ ಹಿಗ್ಗುವ ಎಲೆ, ಎಲ್ಲವೂ ದಿನಚರಿ ಬರೆದಿಟ್ಟಂತೆ ಅದರಲ್ಲಿರುತ್ತವೆ.