ಕಕ್ಕಡದಲ್ಲಿ ಫ್ರಿಜ್ ರಿಪೇರಿ

ಮಡಿಕೇರಿಯ ಚಳಿಯಲ್ಲಿ ಫ್ರಿಜ್ ಮೆಕ್ಯಾನಿಕ್‌ಗೆ ಏನು ಕೆಲಸ ಎಂದು ನಗುವವರುಂಟು. ಹೋಂಸ್ಟೇ, ಬೇಕರಿ, ಹಂದಿಮಾಂಸದ ಅಂಗಡಿಯವರನ್ನು ಕೇಳಿ ನೋಡಿ. ಐಟಿಐಯಲ್ಲಿ ಈ ವಿದ್ಯೆಗೆ ಎರಡು ವರ್ಷ. ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. ತಾಮ್ರದ ಪೈಪ್ ಬೆಸೆಯುವುದು, ವೈರಿಂಗ್ ಎಲ್ಲ ಕಲಿಸುತ್ತಾರೆ. ನನಗೆ ಮೆಚ್ಚುಗೆ ಮಾತ್ರ ಪೈಪಿನೊಳಗಿನ ಗಾಳಿ, ತೇವ ಹೀರಿ ತೆಗೆದು ವ್ಯಾಕ್ಯೂಮ್ ಮಾಡುವವರ ತಾಳ್ಮೆಯ ಬಗ್ಗೆ.

ಫ್ರಿಜ್ಜಿನ ಕ್ಯಾಪಿಲರಿ ಪೈಪಿನ ಒಳರಂಧ್ರ ಒಂದು ಮಿಲಿಮೀಟರಿಗೂ ಕಡಿಮೆ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಪೈಪ್ ಬಿಚ್ಚಿದರೆ ಗಾಳಿಯ ಜೊತೆ ತೇವವೂ ಒಳಹೊಗುತ್ತದೆ. ಆ ತೇವ ಕ್ಯಾಪಿಲರಿಯ ತುದಿಯಲ್ಲಿ ಮಂಜುಗಡ್ಡೆಯಾಗಿ ಕೂತರೆ ಫ್ರಿಜ್ ತಣ್ಣಗಾಗುವುದೇ ಇಲ್ಲ. ಕರಗಿದಾಗ ಮತ್ತೆ ಶುರು. ಮನೆಯವರು ಪಾಪ, ಕರೆಂಟಿಗೆ ಬೈಯುತ್ತಾರೆ! ಪಳಗಿದ ಮೆಕ್ಯಾನಿಕ್ ತೇವ ಹೀರುವ ಡ್ರೈಯರ್ ಬದಲಿಸಿ, ವ್ಯಾಕ್ಯೂಮ್ ಪಂಪ್ ಹಚ್ಚಿ, ಗೇಜಿನ ಮುಳ್ಳು ಇಳಿದ ಮೇಲೂ ಕಾಯುತ್ತಾನೆ. ಪಂಪ್ ನಿಲ್ಲಿಸಿದಾಗ ಮುಳ್ಳು ಏರಿದರೆ ಎಲ್ಲೋ ಸೋರಿಕೆ, ಇಲ್ಲವೇ ತೇವ ಉಳಿದಿದೆ. ಏರದಿದ್ದರಷ್ಟೇ ಗ್ಯಾಸ್, ಅದೂ ತೂಕ ಹಾಕಿ. ಈಗ ಬರುವ ಬಹಳಷ್ಟು ಫ್ರಿಜ್‌ಗಳಲ್ಲಿರುವ ಆರ್-600ಎ ಬೆಂಕಿ ಹತ್ತುವ ಗ್ಯಾಸ್. ಕಿಟಕಿ ತೆರೆಯದೆ ಅವನು ಕೈ ಹಾಕುವುದಿಲ್ಲ.

ಅವನನ್ನು ಅವಸರ ಮಾಡಬೇಡಿ. ಪಂಪ್ ಓಡುತ್ತಿರಲಿ, ಅಷ್ಟರಲ್ಲಿ ಒಂದು ಲೋಟ ಕಾಫಿ ಕೊಡಿ.