ಲೋಹದ ಆಯಾಸವೆಂಬ ಶಬ್ದದ ವಿಮರ್ಶೆ

ಯಂತ್ರಶಾಸ್ತ್ರದ ಪಾರಿಭಾಷಿಕ ಶಬ್ದಗಳನ್ನು ಆ ಶಾಸ್ತ್ರಜ್ಞರಿಗೇ ಬಿಟ್ಟುಕೊಟ್ಟು ಸಾಹಿತ್ಯವಿಮರ್ಶಕರು ದೂರ ನಿಲ್ಲುವುದು ಯುಕ್ತವಲ್ಲವೆಂದು ನಮಗೆ ತೋರುತ್ತದೆ. ಗೌಣವೃತ್ತಿಯಿಂದ ಪ್ರಯೋಗಿಸಿದ ಶಬ್ದವು ತನ್ನ ಮುಖ್ಯಾರ್ಥದ ಧರ್ಮಗಳನ್ನೂ ಎಳೆದುಕೊಂಡೇ ಬರುವುದು. "ಲೋಹದ ಆಯಾಸ" ಎಂಬುದನ್ನೇ ವಿಚಾರಿಸೋಣ.

ರಾಜಾಜಿನಗರದ ಕಾರ್ಖಾನೆಗಳವರು ಹೀಟ್ ಸಿಂಕ್ ಎಂದು ಕರೆಯುವ, ರೆಕ್ಕೆಗಳುಳ್ಳ ಅಲ್ಯೂಮಿನಿಯಂ ಫಲಕವು ವಿದ್ಯುದುಪಕರಣದ ಕಾವನ್ನು ಹೀರಿ ಗಾಳಿಗೆ ಬಿಡತಕ್ಕದ್ದು. ವಿಜಯನಗರದಿಂದ ಕೆಂಗೇರಿಗೆ ಹೋಗುವ ಮೆಟ್ರೋ ರೈಲಿನ (ಕೆಂಗೇರಿಯವರೆಗಿನ ಸಂಚಾರವು 2021ರಲ್ಲಿ ಮೊದಲಾಯಿತು) ಇನ್ವರ್ಟರು ಪ್ರತಿ ನಿಲ್ದಾಣವನ್ನು ಬಿಡುವಾಗಲೂ ಕಾಯುವುದು, ನಿಂತಾಗ ಆರುವುದು. ಕಾವು ಒಂದು ಡಿಗ್ರಿ ಏರಿದರೆ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುವುದು, ತಾಮ್ರವು 17, ಸಿಲಿಕಾನು 3ಕ್ಕೂ ಕಡಮೆ. ಕೂಡಿಸಿದ ಪದರಗಳು ಹೀಗೆ ಸಮವಾಗಿ ಹಿಗ್ಗದ ಕಾರಣ, ನಡುವಿನ ಬೆಸುಗೆಯು ಹಿಂದಕ್ಕೂ ಮುಂದಕ್ಕೂ ಎಳೆಯಲ್ಪಟ್ಟು, ಸಹಸ್ರಾವಧಿ ಆವರ್ತಗಳ ಬಳಿಕ ಬಿರಿಯುತ್ತದೆ. ಇದಕ್ಕೆ ಆಯಾಸವೆಂದು ಹೆಸರು.

ಆಯಾಸಕ್ಕೆ ವಿಶ್ರಾಂತಿಯೇ ಮದ್ದೆಂಬುದು ಬಾಲಕರಿಗೂ ವಿದಿತ. ಲೋಹದ ಬಿರುಕಾದರೋ ವಿಶ್ರಾಂತಿಯಿಂದ ಕೂಡಿಕೊಳ್ಳುವುದಿಲ್ಲ. ಅಷ್ಟೇ ಅಲ್ಲ. ತವರ-ಸೀಸಗಳ ಬೆಸುಗೆಯು 183 ಡಿಗ್ರಿಯಲ್ಲೇ ಕರಗತಕ್ಕದ್ದು; ನಿರಪೇಕ್ಷ ಶೂನ್ಯದಿಂದ ಎಣಿಸಿದರೆ ನಮ್ಮ ಕೋಣೆಯ ಕಾವೇ ಆ ಕರಗುವ ಕಾವಿನ ಅರ್ಧಕ್ಕೂ ಮಿಗಿಲು. ಆದಕಾರಣ ಸೆಳೆತವು ಬದಲಾಗದಿದ್ದರೂ ಅದು ಮೆಲ್ಲಮೆಲ್ಲನೆ ಜರುಗುತ್ತಲೇ ಇರುವುದು. (ಈ ಜರುಗುವಿಕೆಯನ್ನು ಹಿಂದಿಯವರು ವಿಸರ್ಪಣವೆನ್ನುತ್ತಾರೆ, ಚರಕವನ್ನು ಓದಿದವರಿಗೆ ಚರ್ಮರೋಗವು ನೆನಪಾದರೆ ತಪ್ಪೇನು?) ಕಾದ ಸ್ಥಿತಿಯಲ್ಲಿಯೇ ಹೆಚ್ಚು ಹೊತ್ತು ನಿಲ್ಲಿಸಿದಷ್ಟೂ ಜರುಗುವಿಕೆಯು ಕೂಡಿ ಆವರ್ತಗಳ ಲೆಕ್ಕದಲ್ಲಿ ಬೆಸುಗೆಯ ಆಯುಸ್ಸು ಕುಗ್ಗುವುದು. ವಿರಾಮವೇ ಇಲ್ಲಿ ಅಪಕಾರಿ! ಶಬ್ದವು ವಸ್ತುವಿಗೆ ನೇರ ವಿರುದ್ಧವಾಗಿ ನಿಂತಿತು. ನಾವಾದರೆ "ಆವರ್ತಕ್ಷಯ" ಎನ್ನುವೆವು.

ಈ ಆಯುಸ್ಸನ್ನು ಗಣಕದಲ್ಲಿ ಮುಂಚಿತವಾಗಿ ಕಂಡುಕೊಳ್ಳುವ ವಿಧಾನಕ್ಕೆ "ಅನುಕರಣ"ವೆಂಬ ಹೆಸರು ಮಾತ್ರ ಶ್ಲಾಘ್ಯ. ರಸಸೂತ್ರದ ಪ್ರಸಂಗದಲ್ಲಿ ಶಂಕುಕನ ಚಿತ್ರತುರಗನ್ಯಾಯವನ್ನು ಅಧ್ಯಾಪಕರು ಬಲ್ಲರು: ಬರೆದ ಕುದುರೆಯನ್ನು ಕುದುರೆಯೆಂದು ಗ್ರಹಿಸುವುದು ಯಥಾರ್ಥಜ್ಞಾನವೂ ಅಲ್ಲ, ಭ್ರಾಂತಿಯೂ ಅಲ್ಲ. ಗಣಕದೊಳಗಿನ ಫಲಕವೂ ಅಂಥದೇ. ಆದರೆ ಮೂಲವನ್ನೇ ಕಾಣದಿದ್ದಲ್ಲಿ ಅನುಕರಣವೆಂದು ಹೇಗೆ ಹೇಳುವುದೆಂಬ ಭಟ್ಟತೌತನ ಆಕ್ಷೇಪವು ಇಲ್ಲಿಯೂ ಪರಿಹಾರವಾಗಿಲ್ಲ. ಬೆಸುಗೆಯ ತುಂಡನ್ನು ಕಾಯಿಸಿ, ಎಳೆದು, ಅಳೆದು ಪಡೆದ ಸಂಖ್ಯೆಗಳನ್ನು ಕೊಡದಿದ್ದರೆ, ಗಣಕವು ಬರೆಯುವ ಕುದುರೆಗೆ ಕಾಲು ಎಷ್ಟೆಂಬುದೂ ಲೆಕ್ಕಿಗನ ಇಚ್ಛೆಯೇ.