ಖಾನಾವಳಿಯ ತಾಟಿನಲ್ಲಿ ಖಾನಾಪುರವಿಲ್ಲ

ಬೆಂಗಳೂರಿನ ಉತ್ತರ ಕರ್ನಾಟಕದ ಖಾನಾವಳಿ ಯಾವುದೇ ಇರಲಿ, ತಾಟು ಒಂದೇ: ಜೋಳದ ರೊಟ್ಟಿ, ಎಣಗಾಯಿ, ಝುಣಕ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೋರ್ಡಿನ ಮೇಲೆ ‘ಅಪ್ಪಟ’ ಎಂಬ ಮಾತು. ಊಟದ ಬಗ್ಗೆ ನನ್ನ ತಕರಾರಿಲ್ಲ, ಹೊಟ್ಟೆ ತುಂಬ ಉಂಡವನೇ ನಾನು. ತಕರಾರು ಇರುವುದು ಆ ಅಪ್ಪಟದ ಮೇಲೆ. ‘ಖಾನಾವಳಿ’ ಎಂಬ ಮಾತೇ ಮರಾಠಿಯ ನೆರೆಯಿಂದ ಬಂದದ್ದು.

ಬೆಳಗಾವಿ ಜಿಲ್ಲೆಯೊಂದನ್ನೇ ನೋಡಿ. ಅಥಣಿ ಕಡೆ ಬಯಲುಸೀಮೆ, ಅಲ್ಲಿ ಜೋಳವೇ ದೈವ. ಅದೇ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಅಂಥ ನೆಲದಲ್ಲಿ ಜೋಳ ನಿಂತೀತೆ? ಅಲ್ಲಿನದು ಭತ್ತದ ಗದ್ದೆ, ಗುಡ್ಡದ ಓರೆಯಲ್ಲಿ ನಾಚಣಿ, ಅಂದರೆ ರಾಗಿ. ಊಟವೆಂದರೆ ಅನ್ನ, ನಾಚಣಿ ಭಾಕರಿ, ಅಂಬಲಿ, ಮಳೆಗಾಲಕ್ಕೆ ಕಳಲೆ, ಅಣಬೆ, ಹುಳಿಗೆ ಮುರುಗಲು, ಸಂತೆಯಿಂದ ಒಣಮೀನು. ಮನೆಯಲ್ಲಿ ಆಡುವ ಭಾಷೆ ಕನ್ನಡವೋ ಮರಾಠಿಯೋ ಕೊಂಕಣಿಯೋ, ಒಲೆಯ ಮೇಲಿನ ಗಡಿಗೆಗೆ ಅದರ ಗೊಡವೆಯಿಲ್ಲ. ಅಡುಗೆಯ ಗಡಿ ಎಳೆಯುವುದು ಮಳೆ. ‘ಉತ್ತರ ಕರ್ನಾಟಕದ ಊಟ’ ಎಂಬ ಪಂಥ ಬಯಲುಸೀಮೆಯನ್ನು ಇಡೀ ಸೀಮೆ ಎಂದುಕೊಂಡಿತು. ಖಾನಾಪುರ ಅದರ ತಾಟಿನಿಂದ ಹೊರಗೇ ಉಳಿಯಿತು.

ರಾಜಕೀಯದ ಗಡಿ ಬೇರೆ ಮಾತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರಿಗೆ ಬಂತು, ಅದರದೇ ಚಂದಗಡ ತಾಲೂಕು ಮುಂಬಯಿ ರಾಜ್ಯದಲ್ಲಿ ಉಳಿಯಿತು. ರಾತ್ರಿ ಕಳೆಯುವುದರೊಳಗೆ ಚಂದಗಡದ ಮಸಾಲಿ ಖಾರ ‘ಮಹಾರಾಷ್ಟ್ರೀಯ’, ಖಾನಾಪುರದ್ದು ‘ಕರ್ನಾಟಕದ್ದು’ ಆಯಿತೇ? ಟೆಕ್ಸಾಸ್‌ನಲ್ಲೂ ಹೀಗೇ ಆಯಿತು. 1845ರಲ್ಲಿ ಅದು ಅಮೆರಿಕ ಸೇರುವ ಮೊದಲೇ ಮೆಕ್ಸಿಕನ್ ಮೂಲದ ಮನೆಗಳು ಅಲ್ಲಿದ್ದವು. ಜನ ಇದ್ದಲ್ಲೇ ಇದ್ದರು, ಗೆರೆ ಸರಿಯಿತು. 1972ರಲ್ಲಿ ಅಡುಗೆ ಲೇಖಕಿ ಡಯಾನಾ ಕೆನಡಿ ಮೆಕ್ಸಿಕೋದ ಅಡುಗೆಗಳ ಮೇಲೆ ದೊಡ್ಡ ಪುಸ್ತಕ ಬರೆದ ನಂತರ ಜೀರಿಗೆ, ಹಳದಿ ಚೀಸ್ ಸುರಿದ ಟೆಕ್ಸಾಸ್ ಗಡಿಯ ಅಡುಗೆ, ಟೆಕ್ಸ್-ಮೆಕ್ಸ್, ‘ಕಲಬೆರಕೆ’ ಎನ್ನುವವರು ಹೆಚ್ಚಿದರು. ಆ ಪುಸ್ತಕದ ಉಪಕಾರ ದೊಡ್ಡದು, ಮೆಕ್ಸಿಕೋದ ಒಳಗಿನ ಸೀಮೆ ಸೀಮೆಯ ರುಚಿಯನ್ನು ಅದು ಕಾಣಿಸಿತು. ಆದರೆ ಗಡಿಯ ಅಡುಗೆಯೂ ಒಂದು ಸೀಮೆಯ ಅಡುಗೆಯೇ. ಅದನ್ನು ಕೆಟ್ಟುಹೋದ ಮೆಕ್ಸಿಕೋ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಅಪ್ಪಟದ ಹಟ ಹಿಡಿದರೆ ನಮ್ಮ ತಾಟಿನಲ್ಲೇ ಬಹಳ ಉಳಿಯುವುದಿಲ್ಲ. ಮೆಣಸಿನಕಾಯಿ ಮೆಕ್ಸಿಕೋ ಕಡೆಯದು, ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯನ್ನು ಇತ್ತ ತಂದ ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದರು. ಆ ಗೋವೆ ಖಾನಾಪುರಕ್ಕೆ ಘಟ್ಟದ ಕೆಳಗಿನ ನೆರೆಮನೆ. ಕರಿಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಕೊಟ್ಟು ನಮ್ಮದು ಮಾಡಿಕೊಂಡೆವು.

ಇನ್ನು ಬೆಳಗಾವಿಯ ಮಂಡಿಗೆ. ಮಾಡುವವರ ಕೈ ನೋಡಬೇಕು. ನಾದಿ ನಾದಿ ಮೆತ್ತಗಾದ ಕಣಕದಲ್ಲಿ ಸಕ್ಕರೆಪುಡಿ, ಖವಾ, ಗಸಗಸೆ, ಏಲಕ್ಕಿಯ ಹೂರಣ ತುಂಬಿ ಲಟ್ಟಿಸುತ್ತಾರೆ. ಆಮೇಲೆ ಎರಡೂ ಕೈ ಮೇಲೆ ಹೊತ್ತು, ಮೊಣಕೈವರೆಗೆ ಜಾರಿಸುತ್ತ ಹಿಗ್ಗಿಸಿ, ಬೋರಲು ಹಾಕಿದ ಕಾದ ಬಾಣಲೆಯ ಬೆನ್ನಿಗೆ ಹಾಸುತ್ತಾರೆ. ಎಲ್ಲೂ ಹರಿಯಬಾರದು, ಒಳಗಿನ ಸಕ್ಕರೆ ಸೀಯಬಾರದು. ಬಿಸಿಯಿದ್ದಾಗಲೇ ಮಡಚಿಬಿಡಬೇಕು, ಆರಿದರೆ ಹಪ್ಪಳದಂತೆ ಪುಡಿ.

ಇದು ಯಾರದು? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಂಡಕ ಬರುತ್ತದೆ. ಅತ್ತ ಮರಾಠಿಯ ಜನ ಸಂತ ಜ್ಞಾನೇಶ್ವರರ ಬೆನ್ನಿನ ಮೇಲೆ ತಂಗಿ ಮುಕ್ತಾಬಾಯಿ ಮಾಂಡೆ ಬೇಯಿಸಿದ ಕಥೆ ಹೇಳುತ್ತಾರೆ. ಕನ್ನಡಿಗರು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾರೆ. ಮರಾಠಿಗರೂ ಮನಸ್ಸಿನಲ್ಲೇ ಮಾಂಡೆ ತಿನ್ನುತ್ತಾರೆ, ಮಾತೂ ಅದೇ, ಹಸಿವೂ ಅದೇ. ಇನ್ನು ‘ಕುಂದಾ ನಗರಿ’ಯ ಕುಂದಾ, ರಾಜಸ್ಥಾನದಿಂದ ಬಂದ ಮಿಠಾಯಿಯವರ ಕೈಯಲ್ಲಿ ಹುಟ್ಟಿದ್ದೆಂದು ಊರೇ ಹೇಳುತ್ತದೆ, ಹಾಗೆ ಹೇಳುವಾಗ ಯಾರ ಮುಖವೂ ಸಣ್ಣದಾಗುವುದಿಲ್ಲ.

ನನ್ನ ಮಟ್ಟಿಗೆ ಅಡುಗೆಯನ್ನು ಅಳೆಯಬೇಕಾದದ್ದು ವಂಶಾವಳಿಯಿಂದಲ್ಲ, ಕೈಯಿಂದ. ಪೆಟ್ಟಿಗೆಯಲ್ಲಿ ವಾರ ಕಳೆದು ಮೆತ್ತಗಾದ ಮಂಡಿಗೆ ಬೆಳಗಾವಿಯದೇ ಆದರೂ ಸೋತ ಮಂಡಿಗೆ. ಬೆಂಗಳೂರಿನ ಖಾನಾವಳಿಯವರು ಒಂದು ಆಷಾಢದಲ್ಲಿ ಜಾಂಬೋಟಿ ದಾಟಿ ಕಣಕುಂಬಿಗೆ ಹೋಗಿ ಬರಲಿ. ಅಲ್ಲಿ ಹೊಗೆ ಹಿಡಿದ ಒಲೆಯ ಮುಂದೆ ಕೂತರೆ ತಾಟಿಗೆ ಕಪ್ಪಗಿನ ನಾಚಣಿ ಭಾಕರಿ ಬೀಳುತ್ತದೆ, ಪಕ್ಕದಲ್ಲಿ ಕಳಲೆ ಪಲ್ಯ. ಜೋಳದ ರೊಟ್ಟಿ ಕೇಳಿದರೆ, ಬೆಳಗಾವಿಗೆ ಹೋಗುವ ಬಸ್ಸು ಎಷ್ಟೊತ್ತಿಗೆ ಎಂದು ಹೇಳಿಯಾರು.